ಊಟಕ್ಕೆ ಒಂಬತ್ತು ನಿಮಿಷ: ಕಾರ್ಮಿಕ ಸಚಿವರಿಗೆ, ಗಾರ್ಮೆಂಟ್ಸ್ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ಹಾಗೂ ರಾಜ್ಯದ ಸಿದ್ಧ ಉಡುಪು ಕಾರ್ಖಾನೆಗಳ ಮಾಲೀಕರಿಗೆ,

ವಿಷಯ: ಗಾರ್ಮೆಂಟ್ಸ್ ಕೆಲಸಗಾರರಿಗೆ ಹೊತ್ತಿಗೆ ಸರಿಯಾಗಿ ಉಣ್ಣಲು, ನೀರು ಕುಡಿಯಲು, ಕೈಕಾಲು ಸಡಿಲಿಸಲು ಅವಕಾಶ ಮಾಡಿಕೊಡುವ ಕುರಿತು.

ಸನ್ಮಾನ್ಯರೇ,

ನಾನು ಬೆಂಗಳೂರಿನ ಪೀಣ್ಯದ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹೆಲ್ಪರ್ ಆಗಿ ದಾರ ಕತ್ತರಿಸುತ್ತ ಸೇರಿದವಳು, ಈಗ 18 ವರ್ಷಗಳಿಂದ ಮಷಿನ್ ಮುಂದೆ ಕೂತಿದ್ದೇನೆ. ಶರ್ಟಿಗೆ ಕಾಲರ್ ಕೂರಿಸುವುದು ನನ್ನ ಕೆಲಸ. ಊರು ಕುಣಿಗಲ್ ತಾಲ್ಲೂಕು, ಬಾಡಿಗೆ ಮನೆ ಲಗ್ಗೆರೆಯಲ್ಲಿ. ಪತ್ರಕ್ಕೆ ಹೆಸರು ಹಾಕಿಲ್ಲ, ಕಾರಣವನ್ನು ನನ್ನಂಥವರು ಊಹಿಸಬಲ್ಲರು. ಕಾರ್ಖಾನೆಯ ಹೆಸರನ್ನೂ ಬರೆದಿಲ್ಲ. ಈ 18 ವರ್ಷಗಳಲ್ಲಿ ನಾನು ಮೂರು ಕಾರ್ಖಾನೆ ಬದಲಿಸಿದ್ದೇನೆ. ಮೂರರಲ್ಲೂ ಊಟದ ಬೆಲ್ ಒಂದೇ ಥರ ಹೊಡೆಯುತ್ತಿತ್ತು.

ಕಳೆದ ವರ್ಷ ಆಷಾಢದಲ್ಲಿ ಒಂದು ಬೆಳಗ್ಗೆ ಸೂಜಿಗೆ ದಾರ ಪೋಣಿಸಲು ಹೋದರೆ ಸೂಜಿಯ ಕಣ್ಣು ಎರಡಾಗಿ ಕಂಡಿತು. ಕನ್ನಡಕ ಬೇಕಾಗಿರಬಹುದು ಎಂದುಕೊಂಡು ಕಣ್ಣಿನ ತಪಾಸಣೆಗೆ ಹೋದೆ. ಅಲ್ಲಿಯವರು ಮೊದಲು ಸಕ್ಕರೆ ನೋಡಿಸಿಕೊಳ್ಳಿ ಎಂದರು. ಬರಿ ಹೊಟ್ಟೆಯಲ್ಲಿ 168, ಊಟದ ನಂತರ 262. ರಕ್ತ, ಅಂದರೆ ಹಿಮೋಗ್ಲೋಬಿನ್, 8.6. ನನಗಾಗ 41 ವರ್ಷ. ರಕ್ತ ಕಡಿಮೆಯೆಂದರೆ ಅರ್ಥವಾಗುತ್ತಿತ್ತು, ನಮ್ಮ ಲೈನಿನಲ್ಲಿ, ಅಂದರೆ ಮಷಿನ್‌ಗಳ ಸಾಲಿನಲ್ಲಿ, ರಕ್ತ ಕಡಿಮೆಯಿಲ್ಲದ ಹೆಂಗಸರೇ ಅಪರೂಪ. ಸಕ್ಕರೆ ಕಾಯಿಲೆ ಕೂತು ಉಣ್ಣುವವರಿಗೆ ಬರುವುದೆಂದು ನಂಬಿಕೊಂಡಿದ್ದೆ. ಡಾಕ್ಟರಿಗೆ ಹಾಗೆಂದೇ ಹೇಳಿದೆ. ಅವರು ನನ್ನ ಕೆಲಸ ಏನೆಂದು ಕೇಳಿ, ‘ಕೂತೇ ಇರುತ್ತೀರಲ್ಲಮ್ಮ’ ಎಂದರು.

ಒಳ್ಳೆಯ ಡಾಕ್ಟರು. ಹೊರಗೆ ಸಾಲು ಉದ್ದವಿದ್ದರೂ ಚೀಟಿಯ ಹಿಂಬದಿಗೆ ಕನ್ನಡದಲ್ಲಿಯೇ ಆರು ಸಾಲು ಬರೆದುಕೊಟ್ಟರು. ಹೊತ್ತಿಗೆ ಸರಿಯಾಗಿ ಉಣ್ಣಿ, ನಿಧಾನವಾಗಿ ಅಗಿದು ನುಂಗಿ. ಅನ್ನ ಕಡಿಮೆ ಮಾಡಿ, ಸೊಪ್ಪು, ಕಾಳು, ತರಕಾರಿ ಹೆಚ್ಚು ಮಾಡಿ, ಅಭ್ಯಾಸವಿದ್ದರೆ ಅಳತೆಯಲ್ಲಿ ರಾಗಿ. ದಿನಕ್ಕೆ ಎರಡೂವರೆ ಲೀಟರಿಗೆ ಕಡಿಮೆಯಿಲ್ಲದಂತೆ ನೀರು. ದಿನಾ ಅರ್ಧ ಗಂಟೆ ನಡಿಗೆ, ಒಂದೇ ಸಮ ಕೂರಬೇಡಿ. ಊಟದ ಜೊತೆಗೆ ಟೀ ಬೇಡ, ಊಟದಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಿಲ್ಲ. ಏಳು ಗಂಟೆ ನಿದ್ದೆ. ‘ಇದಕ್ಕೆಲ್ಲ ದುಡ್ಡು ಬೇಕಿಲ್ಲ, ಅಭ್ಯಾಸ ಬದಲಾಗಬೇಕು ಅಷ್ಟೇ’ ಎಂದರು.

ಚೀಟಿಯನ್ನು ಮನೆಗೆ ತಂದು ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಸಿದೆ. ದಿನಾ ಬೆಳಗ್ಗೆ ಒಲೆ ಹಚ್ಚುವಾಗ ಕಣ್ಣಿಗೆ ಬೀಳುತ್ತದೆ. ಆ ಆರು ಸಾಲಿನಲ್ಲಿ ನನ್ನ ಕೈಯಲ್ಲಿ ಇರುವುದೆಷ್ಟು, ತಮ್ಮ ಕೈಯಲ್ಲಿ ಇರುವುದೆಷ್ಟು ಎಂದು ಒಂದು ವರ್ಷ ಲೆಕ್ಕ ಹಾಕಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಊಟದ ಹೊತ್ತಿನ ಮಾತು. ನಮ್ಮ ಪಾಳಿ 9ರಿಂದ 5.30. ನಡುವೆ ಅರ್ಧ ಗಂಟೆ ಊಟಕ್ಕೆ. ಅರ್ಧ ಗಂಟೆಯೆಂದರೆ ಸಾಕಲ್ಲವೇ ಎಂದು ಹೊರಗಿನವರಿಗೆ ಅನಿಸಬಹುದು. ಒಂದು ವಾರ ಗಡಿಯಾರ ನೋಡಿ ಬರೆದಿಟ್ಟೆ. 12.45ಕ್ಕೆ ಬೆಲ್. ಕೈಯಲ್ಲಿರುವ ಪೀಸ್ ಮುಗಿಸಿ, ಮಷಿನ್ ಆಫ್ ಮಾಡಿ ಏಳುವಾಗ 12.47. ನಮ್ಮದು ಮೂರನೆಯ ಮಹಡಿ, ಊಟದ ಜಾಗ ಕೆಳಗೆ. ಎರಡು ಫ್ಲೋರಿನ ಜನ ಒಂದೇ ಮೆಟ್ಟಿಲಿನಲ್ಲಿ ಇಳಿಯಬೇಕು, ಇಳಿಯುವಷ್ಟರಲ್ಲಿ 12.52. ರ‍್ಯಾಕಿನಲ್ಲಿ ನಮ್ಮ ನಮ್ಮ ಬಾಕ್ಸ್ ಹುಡುಕಿ, ಕೈ ತೊಳೆಯಲು ನಿಂತರೆ ಆರು ನಲ್ಲಿಗಳಲ್ಲಿ ಎರಡರಲ್ಲಿ ನೀರು ಬರುವುದಿಲ್ಲ. ನೆಲದ ಮೇಲೆ ಜಾಗ ಸಿಕ್ಕಿ ಬಾಕ್ಸಿನ ಮುಚ್ಚಳ ತೆಗೆಯುವಾಗ 12.57. 1.06ಕ್ಕೆ ಎದ್ದರೆ ಮಾತ್ರ ಬಾಕ್ಸ್ ತೊಳೆದು, ಶೌಚಾಲಯದ ಸಾಲಿನಲ್ಲಿ ನಿಂತು, ಮೆಟ್ಟಿಲು ಹತ್ತಿ 1.15ಕ್ಕೆ ಮಷಿನ್ ಮುಂದೆ ಕೂರಲು ಸಾಧ್ಯ. 1.15ಕ್ಕೆ ಲೈನ್ ಓಡುತ್ತಿರಬೇಕು. ಲೆಕ್ಕ ಹಾಕಿ ನೋಡಿ, ಉಣ್ಣಲು ಉಳಿಯುವುದು ಒಂಬತ್ತು ನಿಮಿಷ. ಆ ಆರು ದಿನಗಳಲ್ಲಿ ಒಂದು ದಿನ ಏಳು ನಿಮಿಷ, ಒಂದು ದಿನ ಹನ್ನೊಂದು.

ಒಂಬತ್ತು ನಿಮಿಷಕ್ಕೆ ಹೊಂದುವ ಊಟವನ್ನೇ ನಾವು ಕಟ್ಟಿಕೊಂಡು ಬರುತ್ತೇವೆ. ಅಗಿಯುವ ಕೆಲಸವಿಲ್ಲದ, ಕಲಸಿ ನುಂಗಿದರೆ ಇಳಿಯುವ ಅನ್ನ ಮತ್ತು ತಿಳಿಸಾರು. ಇಲ್ಲವಾದರೆ ಚಿತ್ರಾನ್ನ, ಪುಳಿಯೋಗರೆ, ಟೊಮೆಟೊ ಬಾತು. ಬಾಕ್ಸಿನ ಮೂಲೆಯಲ್ಲಿ ಉಪ್ಪಿನಕಾಯಿ. ಸೊಪ್ಪಿನ ಪಲ್ಯ ತಂದವರನ್ನು ವಾರಕ್ಕೆ ಬೆರಳೆಣಿಕೆಯಷ್ಟು ನೋಡಿರಬಹುದು. ಬೆಳಗ್ಗೆ 4.45ಕ್ಕೆ ಎದ್ದು, ಮಕ್ಕಳಿಗೂ ಗಂಡನಿಗೂ ಬೇಯಿಸಿ, 8ರ ಬಸ್ಸು ಹಿಡಿಯುವವಳಿಗೆ ಒಂದು ಕಟ್ಟು ದಂಟಿನ ಸೊಪ್ಪು ಬಿಡಿಸಿ ತೊಳೆಯುವ ಇಪ್ಪತ್ತು ನಿಮಿಷ ಎಲ್ಲಿಂದ ಬರಬೇಕು?

ರಾಗಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಫ್ಲೋರಿನಲ್ಲಿ ಅರ್ಧಕ್ಕೂ ಹೆಚ್ಚು ಜನ ಕುಣಿಗಲ್, ಮಾಗಡಿ, ಕನಕಪುರ, ಮದ್ದೂರು, ಗುಬ್ಬಿ ಕಡೆಯವರು. ಮುದ್ದೆ ಉಂಡು ಬೆಳೆದ ಮೈಗಳು. ನನ್ನ ಅವ್ವ ಬೆಳಗ್ಗೆ ಎಂಟಕ್ಕೆ ಮುದ್ದೆ, ಉಪ್ಪೆಸರು ಉಂಡು ಹೊಲಕ್ಕೆ ಹೋದರೆ ಮಧ್ಯಾಹ್ನದವರೆಗೆ ಹಸಿವೆನ್ನುತ್ತಿರಲಿಲ್ಲ. ಅನ್ನ ಹಬ್ಬಕ್ಕೆ, ನೆಂಟರಿಗೆ. ಈಗ ಅದೇ ಮನೆಯ ಮಗಳು ಮಧ್ಯಾಹ್ನ, ರಾತ್ರಿ ಎರಡು ಹೊತ್ತೂ ಅನ್ನ ಉಣ್ಣುತ್ತಿದ್ದೇನೆ. ರಾಗಿ ಬೇಡವಾಯಿತೆಂದು ಯಾರೂ ತಿಳಿಯಬೇಡಿ. ಮುದ್ದೆಯನ್ನು ಬಾಕ್ಸಿಗೆ ಹಾಕಲು ಬರುವುದಿಲ್ಲ. ಬೆಳಗ್ಗೆ ಆರಕ್ಕೆ ತೊಳಸಿ ಕಟ್ಟಿದ ಮುದ್ದೆ ಮಧ್ಯಾಹ್ನದ ಹೊತ್ತಿಗೆ ಮೇಲೆ ಚರ್ಮಗಟ್ಟಿ, ಒಳಗೆ ಬಿರುಸಾಗಿ, ಗಂಟಲಲ್ಲಿ ಇಳಿಯದಂತಾಗುತ್ತದೆ. ರೊಟ್ಟಿಯೂ ತಣ್ಣಗಾದರೆ ಅಟ್ಟೆಯಂತೆ. ಮುದ್ದೆಗೆ ಬಿಸಿ ಬೇಕು, ಬಿಸಿಗೆ ಅಡುಗೆಮನೆ ಬೇಕು. ನಮ್ಮಲ್ಲಿ ಅಡುಗೆಮನೆಯಿಲ್ಲ. ಗೋಡೆಯ ಮೇಲೆ ‘ಕ್ಯಾಂಟೀನ್’ ಎಂಬ ಬೋರ್ಡಿದೆ. ಅದರ ಕೆಳಗೆ ಸಿಗುವುದು ಟೀ, ಬನ್ನು, ಐದು ರೂಪಾಯಿಯ ಚಿಪ್ಸ್ ಪ್ಯಾಕೆಟ್ಟು.

ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದ ಅಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಭಾಗವೂ ಇಲ್ಲ. ದಿನಕ್ಕೆ ಎಂಟು ಗಂಟೆ ಬಾಗಿ ಕೂತು ಸೊಂಟ, ಮೊಣಕಾಲು ಸವೆಸಿಕೊಳ್ಳುವ ಹೆಂಗಸರಿಗೆ ಇದಕ್ಕಿಂತ ಬೇಕಾದ್ದು ಇನ್ನೇನಿದೆ? 2023ರಲ್ಲಿ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಮೇಳ, ಮೆರವಣಿಗೆಗಳಾದವು. ಆ ವರ್ಷವೂ ನಮ್ಮ ಕ್ಯಾಂಟೀನಿನಲ್ಲಿ ಬನ್ನೇ ಇತ್ತು.

ಇನ್ನು ನೀರು. ಇದನ್ನು ಬರೆಯಲು ಸಂಕೋಚವಾಗುತ್ತದೆ, ಬರೆಯದೆ ವಿಧಿಯಿಲ್ಲ. ನಾವು ನೀರು ಕುಡಿಯುವುದಿಲ್ಲ. ಕುಡಿದರೆ ಶೌಚಾಲಯಕ್ಕೆ ಹೋಗಬೇಕು, ಹೋಗಬೇಕಾದರೆ ಸೂಪರ್‌ವೈಸರನ್ನು ಕೇಳಿ ಟೋಕನ್ ತೆಗೆದುಕೊಳ್ಳಬೇಕು. ನಮ್ಮ ಬ್ಯಾಚಿಗೆ ಎರಡು ಟೋಕನ್. ಬೇರೆಯವರು ಒಯ್ದಿದ್ದರೆ ಬರುವವರೆಗೆ ತಡೆದುಕೊಳ್ಳಬೇಕು. ಹೋಗಿ ಬರುವ ಐದಾರು ನಿಮಿಷದಲ್ಲಿ ನನ್ನ ಮುಂದೆ ಬಂಡಲ್ ಬಿದ್ದಿರುತ್ತದೆ, ಮುಂದಿನ ಮಷಿನಿನವಳು ಕೈ ಖಾಲಿಯಾಗಿ ನನ್ನ ಕಡೆ ನೋಡುತ್ತಿರುತ್ತಾಳೆ, ಸೂಪರ್‌ವೈಸರ್ ಗಂಟೆಯ ಟಾರ್ಗೆಟ್ ಬರೆದ ಬೋರ್ಡಿನ ಕಡೆ ಕೈ ತೋರಿಸುತ್ತಾರೆ. ಸೂಪರ್‌ವೈಸರನ್ನು ದೂರಿ ಪ್ರಯೋಜನವಿಲ್ಲ. ಅವರ ಮೇಲೆ ಇನ್‌ಚಾರ್ಜ್, ಇನ್‌ಚಾರ್ಜ್ ಮೇಲೆ ಮ್ಯಾನೇಜರ್. ಹೀಗಾಗಿ ಬೆಳಗ್ಗೆ ಮನೆಯಲ್ಲಿ ಒಂದು ಲೋಟ ಟೀ ಕುಡಿದು ಬಂದರೆ ಊಟದವರೆಗೆ ಬಾಯಿಗೆ ಹನಿ ನೀರು ಹಾಕದೆ ಇರುವುದನ್ನು ನಮ್ಮ ಹೆಂಗಸರು ರೂಢಿ ಮಾಡಿಕೊಂಡಿದ್ದಾರೆ. ಮುಟ್ಟಿನ ದಿನಗಳಲ್ಲೂ ಹಾಗೆಯೇ.

ನನ್ನ ಪಕ್ಕದ ಮಷಿನಿನ ಅಕ್ಕ ಕಫ್ ಹೊಲಿಯುವವರು. ಉರಿಮೂತ್ರವೆಂದು ವರ್ಷಕ್ಕೆ ಮೂರು ಸಲ ಮಾತ್ರೆ ನುಂಗುತ್ತಾರೆ. ಹೋದ ಬೇಸಿಗೆಯಲ್ಲಿ ಜ್ವರ ಬೆನ್ನಿಗೆ ಹತ್ತಿ ಹನ್ನೊಂದು ದಿನ ರಜೆ ಹಾಕಿದರು. ವಾಪಸು ಬಂದ ದಿನ ಅವರ ಬ್ಯಾಗಿನಲ್ಲಿ ಮಗಳು ತುಂಬಿಸಿ ಕೊಟ್ಟ ಒಂದು ಲೀಟರ್ ನೀರಿನ ಬಾಟಲಿ ಇತ್ತು. ಸಂಜೆ 5.30ಕ್ಕೆ ಬಾಟಲಿಯನ್ನು ಎತ್ತಿ ನೋಡಿದರು. ಕತ್ತಿನವರೆಗೂ ತುಂಬಿಯೇ ಇತ್ತು. ಮಗಳು ಬೈಯುತ್ತಾಳೆಂದು ಬಸ್ ಸ್ಟಾಪಿನಲ್ಲಿ ನಿಂತು ಗಿಡದ ಬುಡಕ್ಕೆ ಸುರಿದರು. ಆ ನೀರು ಮಣ್ಣಿಗೆ ಇಂಗುವುದನ್ನು ನಾನು ನಿಂತು ನೋಡಿದೆ.

ಕುಡಿಯುವ ನೀರಿನ ನಲ್ಲಿ ಎಲ್ಲಿದೆಯೆಂಬುದನ್ನೂ ಹೇಳಿಬಿಡುತ್ತೇನೆ. ಶೌಚಾಲಯದ ಬಾಗಿಲಿನಿಂದ ನಾಲ್ಕು ಹೆಜ್ಜೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಕುಡಿಯುವ ನೀರಿನ ಜಾಗ ಶೌಚಾಲಯದಿಂದ ಆರು ಮೀಟರಿನೊಳಗೆ ಇರಕೂಡದೆಂದು ಸ್ಪಷ್ಟವಾಗಿತ್ತು. ಬಿ.ಕಾಂ. ಓದುತ್ತಿರುವ ನನ್ನ ತಮ್ಮನ ಮಗ ಇದನ್ನು ಓದಿ ಹೇಳಿದಾಗ, ಎಪ್ಪತ್ತೈದು ವರ್ಷಗಳಿಗೂ ಹಿಂದೆ ಯಾರೋ ನಮ್ಮ ಬಾಯಾರಿಕೆಯ ಬಗ್ಗೆ ಇಷ್ಟು ವಿವರವಾಗಿ ಯೋಚಿಸಿದ್ದರಲ್ಲ ಎಂದು ಮನಸ್ಸು ತುಂಬಿ ಬಂತು.

ಅದೇ ಕಾಯ್ದೆಯನ್ನು ಅವನಿಂದ ಇನ್ನಷ್ಟು ಓದಿಸಿದೆ. ಐದು ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮ ದುಡಿಸಬಾರದು, ನಡುವೆ ಕನಿಷ್ಠ ಅರ್ಧ ಗಂಟೆ ಬಿಡುವು ಇರಬೇಕು ಎಂದಿತ್ತು. ‘ಕನಿಷ್ಠ’ ಎಂಬ ಪದವನ್ನು ಮತ್ತೆ ಓದು ಎಂದೆ. ಕಾನೂನು ಇದಕ್ಕಿಂತ ಕಡಿಮೆ ಕೊಡಕೂಡದೆಂದು ಹಾಕಿದ ಗೆರೆಯನ್ನು ನಮ್ಮ ಮಾಲೀಕರು ಇದಕ್ಕಿಂತ ಹೆಚ್ಚು ಕೊಡಬೇಕಿಲ್ಲವೆಂದು ಓದಿಕೊಂಡಿದ್ದಾರೆ. 250ಕ್ಕಿಂತ ಹೆಚ್ಚು ಜನರಿರುವಲ್ಲಿ ಕ್ಯಾಂಟೀನ್ ನಡೆಸುವಂತೆ ಸರ್ಕಾರ ನಿಯಮ ಮಾಡಬಹುದು, ಅದನ್ನು ನೋಡಿಕೊಳ್ಳುವ ಸಮಿತಿಯಲ್ಲಿ ಕೆಲಸಗಾರರ ಪ್ರತಿನಿಧಿಗಳಿಗೆ ಜಾಗ ಕೊಡಬಹುದು ಎಂದೂ ಅದರಲ್ಲಿತ್ತು. ಆ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಕ್ಯಾಂಟೀನಿಗೆ ಬೇಕಾದ ಜನರ ಸಂಖ್ಯೆ 100ಕ್ಕೆ ಇಳಿದಿದೆ. ಸಚಿವರೇ, ಸಂಖ್ಯೆ ಇಳಿದದ್ದು ಸಂತೋಷ. ಆದರೆ ಕ್ಯಾಂಟೀನ್ ಎಂದರೆ ಏನೆಂಬುದನ್ನು ತಮ್ಮ ನಿಯಮಗಳಲ್ಲಿ ಬಿಡಿಸಿ ಬರೆಯದಿದ್ದರೆ ಬೋರ್ಡುಗಳು ಹೆಚ್ಚುತ್ತವೆ, ಊಟ ಹೆಚ್ಚುವುದಿಲ್ಲ. 18 ವರ್ಷಗಳಲ್ಲಿ ಕ್ಯಾಂಟೀನ್ ಸಮಿತಿಗೆ ಬಾರೆಂದು ನನ್ನನ್ನಾಗಲಿ ನನ್ನ ಪರಿಚಯದ ಯಾರನ್ನಾಗಲಿ ಕರೆದದ್ದಿಲ್ಲ.

ಕಾನೂನಿನ ಪ್ರಕಾರ ಎಲ್ಲವೂ ಇರುವ ದಿನವನ್ನೂ ನೋಡಿದ್ದೇವೆ. ಹೊರದೇಶದ ಬೈಯರ್ ಕಡೆಯವರು ಆಡಿಟ್‌ಗೆ ಬರುವ ದಿನ. ಹಿಂದಿನ ಸಂಜೆಯೇ ಮೈಕಿನಲ್ಲಿ ಹೇಳುತ್ತಾರೆ. ಬೆಳಗ್ಗೆ ಬಂದರೆ ಆರು ನಲ್ಲಿಗಳಲ್ಲೂ ನೀರು, ಶೌಚಾಲಯದಲ್ಲಿ ಸೋಪು, ತಣ್ಣೀರಿನ ಹೊಸ ಕ್ಯಾನು, ಕುರ್ಚಿಗಳಿಗೆ ಮೆತ್ತೆ. ಅವತ್ತು ಟೋಕನ್ ಕೇಳುವವರಿಲ್ಲ. ನಾವೂ ಅವತ್ತು ಹೊಟ್ಟೆ ತುಂಬ ನೀರು ಕುಡಿಯುತ್ತೇವೆ. ಮಾಲೀಕರೇ, ಒಂದು ದಿನ ಮಾಡಲು ಬರುವುದನ್ನು ಮುನ್ನೂರು ದಿನ ಮಾಡಲು ಯಾಕೆ ಬರುವುದಿಲ್ಲವೆಂದು ನಾವು ಕೇಳಿದರೆ ಅದು ಎದುರುತ್ತರವೆಂದು ತಿಳಿಯಬೇಡಿ. ನಿಜವಾಗಿಯೂ ಉತ್ತರ ಬೇಕಾಗಿದೆ.

ಚೀಟಿಯಲ್ಲಿದ್ದ ನಡಿಗೆಯ ಸಾಲಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಮಗೆ ಬಸ್ಸು ಉಚಿತವಾಯಿತು, ತಿಂಗಳಿಗೆ ಸಾವಿರ ರೂಪಾಯಿಯ ಹತ್ತಿರ ಉಳಿಯುತ್ತದೆ, ಅದರಲ್ಲಿ ವಾರಕ್ಕೆರಡು ಡಜನ್ ಮೊಟ್ಟೆ ತರುತ್ತೇನೆ. ಇದಕ್ಕೆ ಸರ್ಕಾರಕ್ಕೆ ಮನಃಪೂರ್ವಕ ಕೃತಜ್ಞತೆ. ಸಂಜೆ ಎರಡು ಸ್ಟಾಪ್ ಮೊದಲೇ ಇಳಿದು ನಡೆಯುತ್ತೇನೆ. ಫುಟ್‌ಪಾತಿನ ಮೇಲೆ ಗಾಡಿಗಳು ನಿಂತಿರುತ್ತವೆ, ಮಳೆಗಾಲದಲ್ಲಿ ಚರಂಡಿಯ ಚಪ್ಪಡಿ ಬಾಯಿ ತೆರೆದಿರುತ್ತದೆ, ಆದರೂ ನಡೆಯುತ್ತೇನೆ. ಅದು ನನ್ನ ಪಾಲಿನ ಕೆಲಸ.

ನಮ್ಮ ಪಾಲು ಇನ್ನೂ ಇದೆ ಎಂಬುದನ್ನು ಮುಚ್ಚಿಡುವುದಿಲ್ಲ. ಎಲ್ಲವನ್ನೂ ಮಾಲೀಕರ, ಸರ್ಕಾರದ ತಲೆಗೆ ಕಟ್ಟಿ ಕೈ ತೊಳೆದುಕೊಂಡರೆ ನನ್ನ ಸಕ್ಕರೆ ಇಳಿಯುವುದಿಲ್ಲ. ಸಂಜೆ ಸುಸ್ತಾಗಿ ಬಂದು ರಸ್ತೆ ಬದಿಯ ಬೋಂಡಾ, ಗೋಬಿ ಕಟ್ಟಿಸಿಕೊಂಡು ಹೋಗಿ ಮಕ್ಕಳ ಜೊತೆ ಟಿವಿ ಮುಂದೆ ತಿಂದದ್ದು ನಾನೇ. ಟೀಗೆ ಎರಡು ಚಮಚ ಸಕ್ಕರೆ ಹಾಕಿಕೊಂಡು ದಿನಕ್ಕೆ ನಾಲ್ಕು ಸಲ ಕುಡಿದದ್ದು ನಾನೇ. ದಿನಕ್ಕೆ 5 ಗ್ರಾಂ ಉಪ್ಪು ದಾಟಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದಂತೆ. ಎಲ್ಲ ಅಡುಗೆಯೂ ಸೇರಿ ಒಂದು ಸಣ್ಣ ಚಮಚ. ನಾನು ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೆ ಏರಿಸಿಟ್ಟದ್ದು ಇದನ್ನು ತಿಳಿದ ಮೇಲೆ.

ನಮ್ಮ ಲೈನಿನ ಎಂಟು ಜನ ಸೇರಿ ಒಂದು ವ್ಯವಸ್ಥೆ ಮಾಡಿಕೊಂಡಿದ್ದೇವೆ. ಭಾನುವಾರ ಸಂಜೆ ಸೊಪ್ಪನ್ನೆಲ್ಲ ಬಿಡಿಸಿ ಒಣಬಟ್ಟೆಯಲ್ಲಿ ಸುತ್ತಿಡುತ್ತೇವೆ, ಫ್ರಿಜ್ ಇರುವ ಒಬ್ಬರ ಮನೆಯಲ್ಲಿ. ದಿನಕ್ಕೆ ಇಬ್ಬರು ಎಂಟು ಜನಕ್ಕಾಗುವಷ್ಟು ಪಲ್ಯವನ್ನೋ ಮೊಳಕೆ ಹೆಸರುಕಾಳಿನ ಕೋಸಂಬರಿಯನ್ನೋ ತರುತ್ತಾರೆ, ಉಳಿದವರು ಅನ್ನ ಮಾತ್ರ ತಂದರೆ ಸಾಕು. ಹೀಗೆ ನನ್ನ ಪಾಲಿಗೆ ವಾರಕ್ಕೆ ಒಂದೋ ಎರಡೋ ದಿನದ ಕೆಲಸ, ಆರು ದಿನ ತರಕಾರಿ. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ಬಾಟಲಿಯಲ್ಲಿ ತರುವುದನ್ನು ಕನಕಪುರದ ಒಬ್ಬ ಹುಡುಗಿ ತೋರಿಸಿಕೊಟ್ಟಳು. ಬಾಕ್ಸಿಗೆ ಹೊಂದದ ರಾಗಿ ಬಾಟಲಿಗೆ ಹೊಂದಿತು. ಊಟದ ಜೊತೆಗಿನ ಟೀ ಬಿಟ್ಟು ನಿಂಬೆಹಣ್ಣಿನ ಹೋಳು ಹಿಂಡಿಕೊಳ್ಳುತ್ತೇವೆ, ಹುಳಿಯಿದ್ದರೆ ಕಬ್ಬಿಣದ ಅಂಶ ಮೈಗೆ ಹಿಡಿಯುತ್ತದೆಂದು ಡಾಕ್ಟರು ಹೇಳಿದ್ದರು. ಮಾತ್ರೆಯ ಜೊತೆಗೆ ಇಷ್ಟನ್ನು ಎಂಟು ತಿಂಗಳು ಮಾಡಿದ ಮೇಲೆ ನನ್ನ ಬರಿಹೊಟ್ಟೆಯ ಸಕ್ಕರೆ 128ಕ್ಕೆ ಬಂದಿದೆ, ರಕ್ತ 10.4. ಇನ್ನೂ ಇಳಿಯಬೇಕಾದ್ದು ಇಳಿಯಬೇಕು, ಏರಬೇಕಾದ್ದು ಏರಬೇಕು.

ಆದರೆ ಆ ಕೋಸಂಬರಿಯನ್ನು ಅಗಿದು ತಿನ್ನಲು ಒಂಬತ್ತು ನಿಮಿಷ ಸಾಲುವುದಿಲ್ಲ. ಹಸಿ ಕ್ಯಾರೆಟ್ಟು, ಮೊಳಕೆ ಕಾಳು ಹಲ್ಲಿಗೆ ಕೆಲಸ ಕೊಡುವ ಪದಾರ್ಥ. ಅರ್ಧ ಡಬ್ಬಿ ಉಳಿದು ಮನೆಗೆ ವಾಪಸು ಹೋಗುತ್ತದೆ. ನಾಲ್ಕು ಗಂಟೆಗೆ ಹಸಿವಾಗುತ್ತದೆ, ಅದನ್ನು ಆಗ ತಿನ್ನಬಹುದು, ಬಿಡುವಿಲ್ಲ. ಒಂದು ದಿನ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಹುರಿಗಡಲೆಯನ್ನು ನಾಲ್ಕು ಕಾಳು ಬಾಯಿಗೆ ಹಾಕಿಕೊಂಡದ್ದಕ್ಕೆ ಇಡೀ ಲೈನಿನ ಮುಂದೆ ನಿಲ್ಲಿಸಿದರು. ಲೈನಿನಲ್ಲಿ ತಿಂಡಿ ತರಬಾರದು, ಬಟ್ಟೆಗೆ ಕಲೆಯಾಗುತ್ತದೆ, ಇರುವೆ ಬರುತ್ತದೆ. ನಿಯಮ ಸರಿಯಾಗಿದೆ, ಬಿಳಿ ಶರ್ಟಿನ ಬೆಲೆ ನನಗೂ ಗೊತ್ತು. ಹಾಗಾದರೆ ತಿನ್ನಲು ಬೇರೆ ಜಾಗವನ್ನೂ ಹತ್ತು ನಿಮಿಷವನ್ನೂ ಕೊಡಬೇಕಲ್ಲವೇ? ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ನುಂಗುವವರಿಗೆ ಊಟದ ಹೊತ್ತು ಮೀರಿದರೆ ಕೈ ನಡುಗಿ ಬೆವರು ಬರುತ್ತದೆ. ಓಡುವ ಸೂಜಿಯ ಕೆಳಗೆ ಬೆರಳಿಟ್ಟುಕೊಂಡು ಕೈ ನಡುಗುವುದೆಂದರೆ ಏನೆಂದು ಮಷಿನ್ ಮುಂದೆ ಕೂತವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದು ನನ್ನೊಬ್ಬಳ ಸಂಕಟವೆಂದು ಬದಿಗಿಡಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಎಂದು ಬಂದಿದೆ. ಅದರ ಹಿಂದಿನ ಸುತ್ತಿಗಿಂತ ಹೆಚ್ಚು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೊಂಡು 2023ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಆಹಾರ ಮಾರ್ಗಸೂಚಿಯನ್ನು ಹೊರತಂದು, ತಟ್ಟೆಯ ಅರ್ಧ ತರಕಾರಿ, ಹಣ್ಣುಗಳಿರಲಿ ಎಂದಿತು. ಕೈಗೆ ಹನ್ನೆರಡು ಸಾವಿರದ ಆಸುಪಾಸು ಸಂಬಳ ಬರುವವರ ತಟ್ಟೆ ಇದು. ಅದರ ಅರ್ಧದ ಲೆಕ್ಕ ನಾವೇ ಹೇಗಾದರೂ ಹೊಂದಿಸುತ್ತೇವೆ, ತಾವು ಗಡಿಯಾರದ ಲೆಕ್ಕ ಹೊಂದಿಸಿಕೊಡಿ.

ಮಾಲೀಕರಿಗೆ ಲಾಭ ನಷ್ಟದ ಮಾತನ್ನೂ ಹೇಳುತ್ತೇನೆ, ಅದು ಅವರ ಹಕ್ಕು. ನನ್ನ ಲೈನಿನಲ್ಲಿ ಹೊಲಿಗೆ ತಪ್ಪಿದೆಯೆಂದು ಆಲ್ಟರ್‌ಗೆ ವಾಪಸು ಬರುವ ಪೀಸುಗಳು ಯಾವ ಹೊತ್ತಿನವೆಂದು ಚೆಕಿಂಗ್ ಹುಡುಗಿಯನ್ನು ಕೇಳಿ ನೋಡಿ. ಹನ್ನೆರಡರಿಂದ ಊಟದ ಬೆಲ್ಲಿನವರೆಗೆ, ಮತ್ತೆ ನಾಲ್ಕರಿಂದ ಮುಂದೆ. ಕೈಯೂ ಕಣ್ಣೂ ಸೋತ ಹೊತ್ತು ಅದು. ಬಿಚ್ಚಿ ಮತ್ತೆ ಹೊಲಿಯಲು ಹೋಗುವ ಸಮಯವನ್ನು ಕೂಡಿಸಿದರೆ ಹತ್ತು ನಿಮಿಷದ ಎರಡು ಬಿಡುವು ಅದರಲ್ಲಿಯೇ ಬಂದುಬಿಡುತ್ತದೆ ಎಂಬುದು ನನ್ನ ಎಣಿಕೆ. ತಪ್ಪಿದ್ದರೆ ಒಂದು ಫ್ಲೋರಿನಲ್ಲಿ ಒಂದು ತಿಂಗಳು ಮಾಡಿ ನೋಡಿ ತಿದ್ದಿರಿ. ನನ್ನ ಗೆಳತಿಯೊಬ್ಬಳು ಸೇರಿಕೊಂಡಿರುವ ಬೇರೊಂದು ಕಾರ್ಖಾನೆಯಲ್ಲಿ ಎರಡು ಫ್ಲೋರಿಗೆ ಇಪ್ಪತ್ತು ನಿಮಿಷ ಹಿಂದೆ ಮುಂದೆ ಬೆಲ್ ಹೊಡೆಯುತ್ತಾರಂತೆ. ಮೆಟ್ಟಿಲಿನ ನೂಕುನುಗ್ಗಲು, ನಲ್ಲಿಯ ಸಾಲು ಎರಡೂ ಅರ್ಧವಾದವು. ಒಂದು ರೂಪಾಯಿ ಖರ್ಚಿಲ್ಲದ ಬದಲಾವಣೆ.

ಈಗ ನಮ್ಮ ಬೇಡಿಕೆಗಳು.

ಊಟದ ಬಿಡುವು 45 ನಿಮಿಷವಾಗಲಿ, ಫ್ಲೋರಿನಿಂದ ಫ್ಲೋರಿಗೆ ಹೊತ್ತು ಬೇರೆಯಾಗಲಿ, ಬೆಳಗ್ಗೆ ಹನ್ನೊಂದಕ್ಕೂ ಸಂಜೆ ನಾಲ್ಕಕ್ಕೂ ಹತ್ತು ಹತ್ತು ನಿಮಿಷ ಮಷಿನ್ ನಿಲ್ಲಲಿ. ಈ ಬಿಡುವನ್ನು ಸಂಜೆಯ ಹೊತ್ತಿಗೆ ಜೋಡಿಸಿ ನಮ್ಮಿಂದ ವಾಪಸು ಪಡೆಯಬಾರದು. 2023ರಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು ದಿನದ ದುಡಿಮೆಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿಕೊಟ್ಟಾಗ ನಮ್ಮ ಊಟ, ನಿದ್ದೆಯ ಲೆಕ್ಕವನ್ನು ಯಾರೂ ಕೇಳಲಿಲ್ಲ. ಚೀಟಿಯ ಆರನೆಯ ಸಾಲು ನಿದ್ದೆಯದು. 4.45ಕ್ಕೆ ಏಳುವವಳು ಏಳು ಗಂಟೆ ನಿದ್ದೆ ಮಾಡಬೇಕಾದರೆ ರಾತ್ರಿ ಹತ್ತಕ್ಕೆ ಮೊದಲೇ ದೀಪ ಆರಿಸಬೇಕು.

ಕ್ಯಾಂಟೀನಿನಲ್ಲಿ ಮಧ್ಯಾಹ್ನ ಬಿಸಿ ಮುದ್ದೆ, ಸೊಪ್ಪಿನ ಸಾರು, ಒಂದು ಕಾಳು ಅಥವಾ ಮೊಟ್ಟೆ, ಉತ್ತರ ಕರ್ನಾಟಕದ, ಹೊರರಾಜ್ಯದ ಹುಡುಗಿಯರಿಗೆ ಅವರ ರೊಟ್ಟಿ, ಚಪಾತಿ ಲಾಭವಿಲ್ಲದ ದರದಲ್ಲಿ ಸಿಗಬೇಕು. ಏನು ಬೇಯಿಸಬೇಕೆಂದು ತೀರ್ಮಾನಿಸುವ ಸಮಿತಿಯಲ್ಲಿ ಹೊಲಿಯುವವರು ಇರಬೇಕು. ಬುದ್ಧಿವಂತಿಕೆಯಿಂದ ಮಾಡಿದರೆ ಇದು ದುಬಾರಿಯ ಊಟವಲ್ಲ. ಇಂದಿರಾ ಕ್ಯಾಂಟೀನಿನಲ್ಲಿ 2017ರಿಂದ ಐದು ರೂಪಾಯಿಗೆ ತಿಂಡಿ, ಹತ್ತು ರೂಪಾಯಿಗೆ ಊಟ ಕೊಟ್ಟು ತೋರಿಸಿದ್ದೀರಿ. ಸರ್ಕಾರದ ನೆರವಿನಿಂದ ಆಗುವುದು ಎಂದು ಗೊತ್ತು. ಸಣ್ಣ ಕಾರ್ಖಾನೆಗಳು ಒತ್ತೊತ್ತಾಗಿ ಇರುವ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆ ಕಾರ್ಖಾನೆಯ ಗೇಟಿಗೆ ಹತ್ತಿರವಾಗಿ ಅಂಥ ಕ್ಯಾಂಟೀನುಗಳನ್ನು ತೆರೆದು, ಬೆಳಗ್ಗೆ ಏಳಕ್ಕೇ ಬಾಗಿಲು ತೆಗೆದರೆ ತಿಂಡಿ ತಿನ್ನದೆ ಮಷಿನ್ ಮುಂದೆ ಕೂರುವ ನೂರಾರು ಹುಡುಗಿಯರಿಗೆ ಎರಡು ಇಡ್ಲಿ ಸಿಗುತ್ತದೆ.

ಟೋಕನ್ ಪದ್ಧತಿ ನಿಲ್ಲಬೇಕು. ಇದರಲ್ಲಿ ಚೌಕಾಶಿಯ ಮಾತಿಲ್ಲ. ಪ್ರತಿ ಲೈನಿಗೆ ಒಬ್ಬ ಬದಲಿ ಟೈಲರ್ ಇದ್ದರೆ ಯಾರು ಎದ್ದರೂ ಬಂಡಲ್ ನಿಲ್ಲುವುದಿಲ್ಲ. ಕುಡಿಯುವ ನೀರು ಕಾನೂನು ಹೇಳಿದಷ್ಟು ದೂರದಲ್ಲಿರಲಿ.

ತಿಂಗಳು ತಿಂಗಳು ನಮ್ಮ ಸಂಬಳದಿಂದ ಶೇ. 0.75, ಮಾಲೀಕರಿಂದ ಶೇ. 3.25 ಇ.ಎಸ್.ಐ.ಗೆ ಹೋಗುತ್ತದೆ. ಆ ದುಡ್ಡಿಗೆ ಕಾಯಿಲೆ ಬಂದ ಮೇಲೆ ಮಾತ್ರೆ ಸಿಗುತ್ತದೆ, ಸಂತೋಷ. ಬರುವ ಮೊದಲೇ ವರ್ಷಕ್ಕೆರಡು ಸಲ ಕಾರ್ಖಾನೆಯಲ್ಲಿಯೇ, ಕೆಲಸದ ಹೊತ್ತಿನಲ್ಲಿಯೇ, ಸಂಬಳ ಕಡಿಯದೆ ರಕ್ತ, ಸಕ್ಕರೆ, ಬಿ.ಪಿ. ನೋಡುವಂತಾಗಲಿ. 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೆ ಬಂದು ತಪಾಸಣೆ ಮಾಡುತ್ತಾರೆಂದು ಓದಿದೆ. ಅವರು ಬರುವ ಹೊತ್ತಿಗೆ ನಮ್ಮ ಮನೆಗಳಿಗೆ ಬೀಗ ಬಿದ್ದಿರುತ್ತದೆ.

ತಪಾಸಣೆಗೆ ಬರುವ ಅಧಿಕಾರಿಗಳು ದಿನ ಹೇಳದೆ ಬರಲಿ. ಮ್ಯಾನೇಜರ ಕೋಣೆಗೆ ಹೋಗುವ ಮೊದಲು ಊಟದ ಜಾಗಕ್ಕೆ ಬರಲಿ. ನಮ್ಮನ್ನು ಮಾತಾಡಿಸುವುದಾದರೆ ಗೇಟಿನ ಹೊರಗೆ, ಬಸ್ ಸ್ಟಾಪಿನಲ್ಲಿ ಮಾತಾಡಿಸಲಿ.

2016ರ ಏಪ್ರಿಲ್‌ನಲ್ಲಿ ಪಿ.ಎಫ್. ಹಣ ತೆಗೆಯುವ ನಿಯಮವನ್ನು ಬದಲಿಸಿದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದದ್ದು, ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸು ಪಡೆದದ್ದು ತಮಗೆ ನೆನಪಿರಬಹುದು. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತುಹೋಗಿದ್ದವು. ಅದು ನಾವೇ ದುಡಿದು ಕೂಡಿಟ್ಟ ಹಣದ ಪ್ರಶ್ನೆಯಾಗಿತ್ತು. ಈಗ ಕೇಳುತ್ತಿರುವುದು ಆ ಹಣವನ್ನು ತೆಗೆದುಕೊಳ್ಳುವ ವಯಸ್ಸಿನವರೆಗೆ ಕಣ್ಣು, ಕಿಡ್ನಿ, ಕಾಲು ನೆಟ್ಟಗಿರಬೇಕೆಂದು. ಇದಕ್ಕಾಗಿ ಬೀದಿಗೆ ಬರುವಂತಾಗಬಾರದು ಎಂದೇ ಪತ್ರ ಬರೆದಿದ್ದೇನೆ.

ಸಚಿವರೇ, ಮಾಲೀಕರೇ, ಯಾವುದಾದರೂ ಒಂದು ಕೆಲಸದ ದಿನ 12.45ಕ್ಕೆ ನಮ್ಮಂಥ ಯಾವ ಕಾರ್ಖಾನೆಗಾದರೂ ಬನ್ನಿ. ಮೂರನೆಯ ಮಹಡಿಯಿಂದ ನಮ್ಮ ಜೊತೆ ಇಳಿಯಿರಿ, ನಮ್ಮ ಜೊತೆ ಕೈ ತೊಳೆಯಿರಿ, ನೆಲದ ಮೇಲೆ ಕೂತು ಉಣ್ಣಿರಿ. ಬಾಕ್ಸ್ ನಾನು ತರುತ್ತೇನೆ. ಬುಧವಾರವಾದರೆ ನನ್ನ ಸರದಿ, ಮೆಂತ್ಯ ಸೊಪ್ಪಿನ ಪಲ್ಯ ಇರುತ್ತದೆ.

ಗೌರವಪೂರ್ವಕ ವಂದನೆಗಳೊಂದಿಗೆ,

ಕಾಲರ್ ಹೊಲಿಯುವ ಒಬ್ಬ ಟೈಲರ್,
ಲಗ್ಗೆರೆ, ಬೆಂಗಳೂರು